ಸಾಲಿಡ್ ಸ್ಟೇಟ್ (ಘನವಸ್ತುಗಳ ಭೌತಶಾಸ್ತ್ರ) ಕಲಿಯಲು ಮೊದಲ ಪುಸ್ತಕ ಯಾವುದು?

ಪ್ರಶ್ನೆ: ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಎಂಎಸ್ಸಿ ಪ್ರವೇಶದ ಜ್ಯಾಮ್ ಪರೀಕ್ಷೆಯನ್ನೂ ಬರೆಯಬೇಕು. ಎಲ್ಲರೂ ಚಾರ್ಲ್ಸ್ ಕಿಟ್ಟೆಲ್ ಅವರ ಪಠ್ಯಪುಸ್ತಕ ಓದು ಎನ್ನುತ್ತಾರೆ. ನಾನು ಅದರ ಎರಡನೇ ಅಧ್ಯಾಯದ ರೆಸಿಪ್ರೋಕಲ್ ಲ್ಯಾಟಿಸ್‌ನಲ್ಲೇ ಸಿಕ್ಕಿಕೊಂಡಿದ್ದೇನೆ. ಒಂದೇ ಪುಸ್ತಕ ಕೊಳ್ಳುವುದಾದರೆ ಯಾವುದು? ನೀವೆಲ್ಲ ಹೇಗೆ ಓದಿದಿರಿ?

ಉತ್ತರ: ಅಲ್ಲಿ ತುಂಬಾ ಜನ ಸಿಕ್ಕಿಕೊಳ್ಳುತ್ತಾರೆ. ಕಿಟ್ಟೆಲ್ ಹರಳಿನ ರಚನೆಯನ್ನೂ ಡಿಫ್ರಾಕ್ಷನ್ (ಹರಳಿಗೆ ತಾಗಿದ ಅಲೆ ಚದುರುವುದು) ಅನ್ನೂ ಮೊದಲೇ ಹೇಳಿಬಿಡುತ್ತಾರೆ. ಅದೆಲ್ಲ ಯಾಕೆ ಬೇಕು ಅಂತ ಗೊತ್ತಾಗುವುದು ಆಮೇಲೆ, ಫೋನಾನ್ (ಹರಳಿನ ಕಂಪನದ ಶಕ್ತಿಯ ತುಣುಕು) ಬಂದಾಗ. ನನ್ನ ಆಯ್ಕೆ ಸ್ಟೀವನ್ ಸೈಮನ್ ಅವರ 'ದಿ ಆಕ್ಸ್‌ಫರ್ಡ್ ಸಾಲಿಡ್ ಸ್ಟೇಟ್ ಬೇಸಿಕ್ಸ್' (2013). ಅದು ಶುರುವಾಗುವುದು ನಿಮಗೆ ಆಗಲೇ ಗೊತ್ತಿರುವ ವಿಶಿಷ್ಟೋಷ್ಣದಿಂದ, ಅಂದರೆ ವಸ್ತುವನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖದಿಂದ. ಹಳೆಯ ನಿಯಮದಂತೆ ಒಂದು ಮೋಲ್ ಘನವಸ್ತುವಿಗೆ ಪ್ರತಿ ಕೆಲ್ವಿನ್‌ಗೆ ಸುಮಾರು 25 ಜೂಲ್ ಬೇಕು. ಕೋಣೆಯ ಉಷ್ಣತೆಯಲ್ಲಿ ವಜ್ರಕ್ಕೆ ಸುಮಾರು 6 ಸಾಕು! ಯಾಕೆ? ಇದಕ್ಕೆ 1907ರಲ್ಲಿ ಐನ್‌ಸ್ಟೈನ್, 1912ರಲ್ಲಿ ಡಿಬೈ ಕೊಟ್ಟ ಉತ್ತರಗಳಿಂದಲೇ ಪಾಠ ಮುಂದೆ ಸಾಗುತ್ತದೆ.

ಆಮೇಲೆ ಒಂದೇ ಸಾಲಿನಲ್ಲಿ ನಿಂತ ಪರಮಾಣುಗಳು ಬರುತ್ತವೆ. ಅವುಗಳ ನಡುವಿನ ದೂರ 'ಎ' ಎಂದುಕೊಳ್ಳಿ. ಅಲೆಯ ತರಂಗಸಂಖ್ಯೆಗೆ 2ಪೈ/ಎ ಕೂಡಿಸಿ ನೋಡಿ. ಪರಮಾಣುಗಳ ಚಲನೆ ಚೂರೂ ಬದಲಾಗುವುದಿಲ್ಲ. ಹೀಗೆ ಕೂಡಿಸಿದರೂ ವ್ಯತ್ಯಾಸವಾಗದ ಬೆಲೆಗಳ ಸಾಲೇ ರೆಸಿಪ್ರೋಕಲ್ ಲ್ಯಾಟಿಸ್. ಇದನ್ನು ಕೈಯಾರೆ ಬರೆದು ನೋಡಿ, ಮೂರು ಆಯಾಮದ್ದು ಆಮೇಲೆ ಭಯ ಹುಟ್ಟಿಸುವುದಿಲ್ಲ. ಸೈಮನ್ ಅವರ ಪಾಠದ ವಿಡಿಯೋಗಳೂ ಉಚಿತವಾಗಿ ಸಿಗುತ್ತವೆ.

ಇನ್ನೊಬ್ಬರು: ಸೈಮನ್ ಪುಸ್ತಕ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಜ್ಯಾಮ್‌ಗೆ ಲೆಕ್ಕದ ಅಭ್ಯಾಸ ಬೇಕು ಅಲ್ವಾ? ಅದಕ್ಕೆ ಎಸ್.ಒ. ಪಿಳ್ಳೈ ಅವರ ಪುಸ್ತಕವನ್ನು ಲೈಬ್ರರಿಯಿಂದ ತನ್ನಿ. ಸೂತ್ರ ಬಾಯಿಪಾಠ ಮಾಡಬೇಡಿ. ತಾಮ್ರವನ್ನೇ ತೆಗೆದುಕೊಳ್ಳಿ. ಎಫ್‌ಸಿಸಿ ರಚನೆ (ಘನದ ಮೂಲೆಗಳಲ್ಲೂ ಮುಖಗಳ ನಡುವೆಯೂ ಪರಮಾಣು), ಘನದ ಬದಿ 3.61 ಆಂಗ್‌ಸ್ಟ್ರಾಮ್, ಅದರಲ್ಲಿ 4 ಪರಮಾಣು, ಒಂದೊಂದಕ್ಕೆ ಒಂದು ಎಲೆಕ್ಟ್ರಾನ್. ಇಷ್ಟರಿಂದಲೇ ಫರ್ಮಿ ಎನರ್ಜಿ (ಸೊನ್ನೆ ಕೆಲ್ವಿನ್‌ನಲ್ಲಿ ಎಲೆಕ್ಟ್ರಾನ್‌ಗಳು ತುಂಬುವ ಅತಿ ಎತ್ತರದ ಶಕ್ತಿ) ಸುಮಾರು 7 ಎಲೆಕ್ಟ್ರಾನ್ ವೋಲ್ಟ್ ಬರಬೇಕು. ಬಂದರೆ ಅರ್ಧ ಸಿಲಬಸ್ ಅರ್ಥವಾದಂತೆ.

ಮತ್ತೊಬ್ಬರು: ಆಶ್‌ಕ್ರಾಫ್ಟ್-ಮರ್ಮಿನ್ ಅವರ ಪುಸ್ತಕ (1976) ಈಗಲೇ ಕೊಳ್ಳಬೇಡಿ, ಅದು ಎಂಎಸ್ಸಿ ಮಟ್ಟದ್ದು. ಮೊದಲ ಮೂರು ಅಧ್ಯಾಯ ಮಾತ್ರ ಓದಿ. ಮೂರನೆಯದಂತೂ ಸ್ವತಂತ್ರ ಎಲೆಕ್ಟ್ರಾನ್ ಸಿದ್ಧಾಂತ ಎಲ್ಲೆಲ್ಲಿ ಸೋಲುತ್ತದೆ ಎಂಬುದಕ್ಕೇ ಮೀಸಲು. ಬ್ಯಾಂಡ್ ಥಿಯರಿ (ಹರಳಿನಲ್ಲಿ ಎಲೆಕ್ಟ್ರಾನ್‌ಗೆ ಯಾವ ಶಕ್ತಿಗಳು ಸಾಧ್ಯ ಎಂದು ಹೇಳುವ ಸಿದ್ಧಾಂತ) ಯಾಕೆ ಬೇಕಾಯಿತು ಅನ್ನುವುದು ನನಗೆ ಸ್ಪಷ್ಟವಾಗಿದ್ದು ಅಲ್ಲೇ.

ಕಿಟ್ಟೆಲ್ ಇದ್ದರೆ ಮಾರಿಬಿಡಬೇಡಿ. ಸೈಮನ್‌ನಲ್ಲಿ ಸೂಪರ್‌ಕಂಡಕ್ಟಿವಿಟಿಗೆ (ರೋಧವೇ ಇಲ್ಲದೆ ವಿದ್ಯುತ್ ಹರಿಯುವುದು) ಅಧ್ಯಾಯವೇ ಇಲ್ಲ, ಅದಕ್ಕೆ ಕಿಟ್ಟೆಲ್ ಬೇಕಾಗುತ್ತದೆ.