ಆನ್‌ಲೈನ್ ಸಂಗೀತ ಪಾಠದ ರೆಕಾರ್ಡಿಂಗ್: ದನಿ ಸಣ್ಣ, ಮೇಲೆ ಎಕೋ. ಏನು ಮಾಡಲಿ?

ಕೇಳಿದವರು (ಹಾಸನ):
ಮಗಳು ಆನ್‌ಲೈನಿನಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಗುರುಗಳ ಒಪ್ಪಿಗೆ ಪಡೆದು, ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಹಾಕಿಕೊಂಡು ಪಾಠ ರೆಕಾರ್ಡ್ ಮಾಡುತ್ತೇವೆ. ಆಮೇಲೆ ಕೇಳಿದರೆ ಗುರುಗಳು ಪಕ್ಕದ ಕೋಣೆಯಲ್ಲಿ ಹಾಡಿದಂತಿರುತ್ತದೆ, ಒಂದೊಂದು ಸ್ವರವೂ ಎರಡೆರಡು ಸಲ ಕೇಳಿಸುತ್ತದೆ. ಲ್ಯಾಪ್‌ಟಾಪಿನಲ್ಲೇ ಹಾಕುವ ತಂಬೂರಿ ಆ್ಯಪಂತೂ ಕಾಲ್ ಶುರುವಾದ ಕೂಡಲೇ ಸಣ್ಣಗಾಗಿಬಿಡುತ್ತದೆ. ಗಮಕವೇ ತಿಳಿಯದಿದ್ದರೆ ಮಗು ಅಭ್ಯಾಸ ಮಾಡುವುದಾದರೂ ಹೇಗೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಮೈಸೂರಿನಿಂದ, ವೀಣೆ ಕಲಿಸುವವರು:
ಅಮ್ಮಾ, ಮೊದಲು ಆಡಾಸಿಟಿ ಯಾವುದರಿಂದ ಸದ್ದು ತೆಗೆದುಕೊಳ್ಳುತ್ತಿದೆ ನೋಡಿ. ನೀವು ಬರೆದದ್ದು ನೋಡಿದರೆ ಅಲ್ಲಿ ಮೈಕ್ರೊಫೋನ್ ಇರಬೇಕು. ಹಾಗಿದ್ದರೆ ಗುರುಗಳ ದನಿ ಸ್ಪೀಕರಿನಿಂದ ಹೊರಬಂದು, ಗೋಡೆಗೆ ಬಡಿದು, ಮತ್ತೆ ಮೈಕಿಗೆ ಹೋಗುತ್ತಿದೆ. ದನಿ ಸಣ್ಣಗಿರುವುದಕ್ಕೂ ಗುಂಯ್‌ಗುಟ್ಟುವುದಕ್ಕೂ ಅದೊಂದೇ ಕಾರಣ ಸಾಕು.

ಆಡಿಯೋ ಸೆಟಪ್ ಒತ್ತಿ, ಹೋಸ್ಟ್ ಎಂಬಲ್ಲಿ 'ವಿಂಡೋಸ್ ವಸಾಪಿ' ಆರಿಸಿ. ರೆಕಾರ್ಡಿಂಗ್ ಡಿವೈಸ್ ಪಟ್ಟಿಯಲ್ಲಿ ನಿಮ್ಮ ಸ್ಪೀಕರ್ ಅಥವಾ ಹೆಡ್‌ಫೋನ್ ಹೆಸರಿನ ಮುಂದೆ 'ಲೂಪ್‌ಬ್ಯಾಕ್' ಅಂತ ಇರುತ್ತದೆ, ಅದನ್ನೇ ತೆಗೆದುಕೊಳ್ಳಿ. ಪಾಠ ಯಾವುದರಲ್ಲಿ ಕೇಳುತ್ತೀರೋ ಅದರದೇ ಲೂಪ್‌ಬ್ಯಾಕ್ ಆಗಬೇಕು, ಇಲ್ಲದಿದ್ದರೆ ಏನೂ ದಾಖಲಾಗುವುದಿಲ್ಲ. ಈಗ ಸದ್ದು ಗಾಳಿಗೆ ಬರುವ ಮೊದಲೇ ಕಂಪ್ಯೂಟರಿನ ಒಳಗಿಂದಲೇ ಸಿಗುತ್ತದೆ. ಗಮನಿಸಿ, ಕಂಪ್ಯೂಟರಿನಲ್ಲಿ ಏನೂ ನುಡಿಯದಿದ್ದಾಗ ಲೂಪ್‌ಬ್ಯಾಕ್ ರೆಕಾರ್ಡಿಂಗ್ ಮುಂದಕ್ಕೆ ಹೋಗದೆ ನಿಲ್ಲಬಹುದು. ಕೆಟ್ಟಿತೆಂದು ಗಾಬರಿಯಾಗಬೇಡಿ.

ಅಷ್ಟಾದರೂ ಎರಡೆರಡು ಸಲ ಕೇಳಿದರೆ ರೆಕಾರ್ಡಿಂಗ್ ಪ್ರಿಫರೆನ್ಸಸ್‌ಗೆ ಹೋಗಿ, ದಾಖಲಾಗುತ್ತಿರುವ ಸದ್ದನ್ನು ಆಗಲೇ ಕೇಳಿಸುವ ಆಯ್ಕೆಯ ಮೇಲೆ ಟಿಕ್ ಇದ್ದರೆ ತೆಗೆದುಬಿಡಿ. ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು 'ಸಾಫ್ಟ್‌ವೇರ್ ಪ್ಲೇಥ್ರೂ'. ಅದು ಹಾಕಿದ್ದರೆ ಒಳಬಂದ ಸದ್ದು ಮತ್ತೆ ಹೊರಗೆ ಹೋಗಿ, ಅದೇ ಮತ್ತೆ ಒಳಗೆ ಬರುತ್ತದೆ. ಎಕೋ ಎಲ್ಲೇ ಬರಲಿ, ಒಂದೇ ದನಿ ಎರಡು ದಾರಿಯಲ್ಲಿ ಬರುತ್ತಿದೆ ಅಂತಲೇ ಅರ್ಥ. ಒಂದು ದಾರಿ ಮುಚ್ಚಿದರೆ ಆಯಿತು.

ಧಾರವಾಡದಿಂದ:
ಅಕ್ಕಾರ, ತಂಬೂರಿ ಸಣ್ಣ ಆಗೂದಕ್ಕ ಕಾರಣ ಬ್ಯಾರೇನ ಅದ. ಕಾಲ್ ಶುರು ಆದ ಕೂಡಲೆ ಉಳಿದ ಸದ್ದೆಲ್ಲಾ 80% ಇಳಿಸೂ ಸೆಟ್ಟಿಂಗ್ ವಿಂಡೋಸಿನಾಗ ಇರ್ತದ. ವಿಂಡೋಸ್ ಕೀ ಜೋಡಿ ಆರ್ ಒತ್ರಿ, ಎಂಎಂಸಿಸ್ ಡಾಟ್ ಸಿಪಿಎಲ್ (ಎಂ ಎಂ ಎಸ್ ವೈ ಎಸ್, ಚುಕ್ಕಿ, ಸಿ ಪಿ ಎಲ್) ಅಂತ ಟೈಪ್ ಮಾಡ್ರಿ. ಕಮ್ಯುನಿಕೇಷನ್ಸ್ ಅನ್ನೂ ಟ್ಯಾಬಿನಾಗ 'ಡೂ ನಥಿಂಗ್' ಆರಿಸ್ರಿ. ಅಲ್ಲೇ ರೆಕಾರ್ಡಿಂಗ್ ಟ್ಯಾಬಿಗೆ ಹೋಗಿ, ಮೈಕಿನ ಪ್ರಾಪರ್ಟೀಸ್ ತಗದು, 'ಲಿಸನ್ ಟು ದಿಸ್ ಡಿವೈಸ್' ಮ್ಯಾಲೆ ಟಿಕ್ ಇದ್ರ ತಗೀರಿ. ಅದೂ ಎಕೋ ತರ್ತದ.

ಶಿವಮೊಗ್ಗದಿಂದ, ತಾಳಮದ್ದಳೆ ರೆಕಾರ್ಡ್ ಮಾಡುವವರು:
ದನಿಯನ್ನು ಮೂಲದಲ್ಲೇ ಏರಿಸಿಕೊಳ್ಳಿ. ಕಾಲ್ ಆ್ಯಪಿನ ಸ್ಪೀಕರ್ ಮಟ್ಟ, ವಿಂಡೋಸ್ ವಾಲ್ಯೂಮ್ ಮಿಕ್ಸರಿನಲ್ಲಿ ಅದೇ ಆ್ಯಪಿನ ಪಟ್ಟಿ, ಎರಡನ್ನೂ ನೋಡಿ. ಗುರುಗಳು ತಾರಸ್ಥಾಯಿಗೆ ಹೋದಾಗ ಮೀಟರು ಮೈನಸ್ 6 ಡೆಸಿಬಲ್ ಆಸುಪಾಸು ಮುಟ್ಟಿದರೆ ಸಾಕು. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಒಡೆದದ್ದನ್ನು ಆಮೇಲೆ ಸರಿಪಡಿಸುವುದು ಬಲು ಕಷ್ಟ. ಸಣ್ಣಗೆ ದಾಖಲಾದದ್ದನ್ನು 'ಆಂಪ್ಲಿಫೈ' ಮಾಡಬಹುದು, ಆದರೆ ಜೊತೆಗಿರುವ ಸುಯ್ ಎಂಬ ಸದ್ದೂ ಅಷ್ಟೇ ಏರುತ್ತದೆ.

ಇನ್ನೊಂದು ಮಾತು. ಝೂಮ್ ಬಳಸುವುದಾದರೆ ಗುರುಗಳ ಕಡೆ 'ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್' ಹಾಕಲು ವಿನಂತಿಸಿ. ಗದ್ದಲ ತಗ್ಗಿಸುವ ವ್ಯವಸ್ಥೆಗೆ ಒಂದೇ ಸಮನೆ ನುಡಿಯುವ ಶ್ರುತಿ ಫ್ಯಾನಿನ ಸದ್ದಿನಂತೆ ಕಾಣುತ್ತದೆ, ಅದನ್ನು ಅಳಿಸಿಹಾಕುತ್ತದೆ. ಅಲ್ಲೇ ಹೋದ ಶ್ರುತಿಯನ್ನು ನಿಮ್ಮ ಕಡೆ ಏನು ಮಾಡಿದರೂ ತರಲಾಗದು.

ಜರ್ಮನಿಯಿಂದ:
ಮ್ಯಾಕ್ ಇರುವವರಿಗೂ ಒಂದು ಮಾತು ಇರಲಿ. ನಾನು ಬ್ಲ್ಯಾಕ್‌ಹೋಲ್ ಎಂಬ ಉಚಿತ ವರ್ಚುವಲ್ ಡ್ರೈವರ್ ಹಾಕಿಕೊಂಡು, ಆಡಿಯೋ ಮಿಡಿ ಸೆಟಪ್‌ನಲ್ಲಿ 'ಮಲ್ಟಿ ಔಟ್‌ಪುಟ್ ಡಿವೈಸ್' ಮಾಡಿಕೊಂಡೆ. ಪಾಠ ಕಿವಿಗೂ ಕೇಳುತ್ತದೆ, ರೆಕಾರ್ಡೂ ಆಗುತ್ತದೆ. ಆಗ ಕೀಬೋರ್ಡಿನ ವಾಲ್ಯೂಮ್ ಕೀಲಿ ಕೆಲಸ ಮಾಡುವುದಿಲ್ಲ, ಮಟ್ಟ ಮೊದಲೇ ಹೊಂದಿಸಿಡಿ.

ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ಮೈಕೇ ಇತ್ತು! ಲೂಪ್‌ಬ್ಯಾಕ್ ಹಾಕಿದ ಮೇಲೆ ಎಕೋ ಹೋಯಿತು, ತೋಡಿಯ ಗಾಂಧಾರದ ಓಲಾಟ ಸ್ಪಷ್ಟವಾಗಿ ಕೇಳುತ್ತಿದೆ. ತಂಬೂರಿಯೂ ಸರಿಹೋಯಿತು. ಆದರೆ ಈಗ ಮಗಳು ಹಾಡಿದ್ದು ರೆಕಾರ್ಡಿಂಗಿನಲ್ಲಿ ಇಲ್ಲವಲ್ಲ?

ಮೈಸೂರಿನಿಂದ:
ಇರುವುದಿಲ್ಲ, ಅವಳ ದನಿ ಸ್ಪೀಕರಿಗೆ ಬರುವುದೇ ಇಲ್ಲವಲ್ಲ. ಎರಡೂ ಬೇಕೆಂದರೆ ಓಬಿಎಸ್ ಸ್ಟುಡಿಯೋ ಹಾಕಿಕೊಳ್ಳಿ. 'ಡೆಸ್ಕ್‌ಟಾಪ್ ಆಡಿಯೋ'ದಲ್ಲಿ ಗುರುಗಳು, 'ಮೈಕ್'ನಲ್ಲಿ ಮಗಳು, ಬೇರೆ ಬೇರೆ ಟ್ರ್ಯಾಕಿಗೆ ಹಾಕಬಹುದು. ಡೆಸ್ಕ್‌ಟಾಪ್ ಆಡಿಯೋ ಇರುವಾಗ 'ಆಡಿಯೋ ಔಟ್‌ಪುಟ್ ಕ್ಯಾಪ್ಚರ್' ಮತ್ತೆ ಸೇರಿಸಬೇಡಿ, ಒಂದೇ ಸದ್ದು ಎರಡು ಸಲ ಬರುತ್ತದೆ. ಮಗುವಿಗೆ ತಂತಿಯ ಹೆಡ್‌ಫೋನ್ ಕೊಡಿ. ಬ್ಲೂಟೂತಿನದಾದರೆ ಅದರ ಮೈಕ್ ಶುರುವಾದೊಡನೆ ಕೇಳುವ ದನಿಯ ಗುಣವೂ ಇಳಿಯುತ್ತದೆ.