ಅಪ್‌ಡೇಟ್: ಹಾಟ್ ಟಬ್‌ಗೆ ಮಿನರಲ್ ಸ್ಟಿಕ್ ಹಾಕಿದ ಮೇಲೆ

ಚಿಕ್ಕಮಗಳೂರಿನ ನಮ್ಮ ಹೋಂಸ್ಟೇಯ ಹಾಟ್ ಟಬ್‌ಗೆ ಮಿನರಲ್ ಸ್ಟಿಕ್ (ನೀರಿಗೆ ಬೆಳ್ಳಿ, ತಾಮ್ರ ಬಿಡುವ ಕಡ್ಡಿ) ಹಾಕಿದರೆ ಕ್ಲೋರಿನ್ ಬಿಟ್ಟುಬಿಡಬಹುದಾ ಎಂದು ಕೇಳಿದ್ದೆ. ಬೇಡ ಎಂದು ತಿಳಿಸಿ ಹೇಳಿದ ಎಲ್ಲರಿಗೂ ಥ್ಯಾಂಕ್ಸ್. ಈಗ ಎರಡನ್ನೂ ಬಳಸುತ್ತಿದ್ದೇವೆ, ನೀರು ತಿಳಿಯಾಗಿದೆ.

ಸ್ಟಿಕ್‌ನಲ್ಲಿರುವ ಬೆಳ್ಳಿ, ತಾಮ್ರ ಬ್ಯಾಕ್ಟೀರಿಯಾ ಕೊಲ್ಲುತ್ತವೆ ನಿಜ, ಆದರೆ ತುಂಬಾ ನಿಧಾನ. ಬೆವರು, ಎಣ್ಣೆ, ಲೋಷನ್ ಅವಕ್ಕೆ ಜಗ್ಗುವುದಿಲ್ಲ. ಅದಕ್ಕೆ ಕ್ಲೋರಿನ್ನೇ ಬೇಕು. ಬಿಸಿ ನೀರಲ್ಲಿ, ಗುಳ್ಳೆ ಏಳುವಾಗ ಅದು ಬೇಗ ಖಾಲಿಯಾಗುತ್ತದೆ. ಹಾಗಾಗಿ ಅತಿಥಿಗಳು ಇಳಿಯುವ ಮೊದಲು ಪ್ರತಿ ಸಲ ಟೆಸ್ಟ್ ಸ್ಟ್ರಿಪ್ ಅದ್ದಿ ನೋಡುತ್ತೇವೆ. ಕ್ಲೋರಿನ್ ಕನಿಷ್ಠ 3 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 3 ಭಾಗ), ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.2ರಿಂದ 7.8 ಇರಬೇಕು. ಪಿಎಚ್ ಏರಿದರೆ ಕ್ಲೋರಿನ್ ಇದ್ದರೂ ಅದರ ಶಕ್ತಿ ಕುಗ್ಗುತ್ತದೆ. ಈ ವಿಷಯ ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ.

ಘಾಟು ವಾಸನೆ ಬಂದರೆ ಕ್ಲೋರಿನ್ ಜಾಸ್ತಿಯಾಯಿತು ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಸಾಮಾನ್ಯವಾಗಿ ಅದು ಕ್ಲೋರಿನ್ ಬೆವರಿನ ಜೊತೆ ಸೇರಿ ಆದ ಕ್ಲೋರಮೈನ್. ಮುಚ್ಚಳ ತೆರೆದು, ಯಾರೂ ಇಳಿಯದಂತೆ ನೋಡಿಕೊಂಡು, ಶಾಕ್ ಡೋಸ್ (ಒಂದೇ ಸಲ ಹೆಚ್ಚು ಪ್ರಮಾಣದ ಕ್ಲೋರಿನ್) ಹಾಕಬೇಕು.

ಫಿಲ್ಟರ್‌ಗೆ ಸಿಲ್ವರ್ ಓಕ್ ಎಲೆಗಳದ್ದೇ ಕಾಟ. ಅದನ್ನು ಆಗಾಗ ತೊಳೆಯುತ್ತೇವೆ. ಬೋರ್‌ವೆಲ್ ನೀರಿನವರು ಕಬ್ಬಿಣದ ಅಂಶ ಪರೀಕ್ಷಿಸಿಕೊಳ್ಳಿ, ಕ್ಲೋರಿನ್ ಬಿದ್ದ ಕೂಡಲೇ ನೀರು ಕಂದು ಬಣ್ಣಕ್ಕೆ ತಿರುಗಬಹುದು.