ಕೋಟೆ ಜನರಿಗೆ ಹೊಸ ಭಾಷೆ ಕಟ್ಟೋದು: ಧ್ವನಿ, ವ್ಯಾಕರಣ ಎಲ್ಲಿಂದ ಶುರು ಮಾಡೋದು?

ಬಂಡೆಗುಡ್ಡ, ಚಿತ್ರದುರ್ಗ

ಕಲ್ಪನಾಲೋಕದ ಕಾದಂಬರಿಗೆ ಎರಡು ಭಾಷೆ ಬೇಕು. ಒಂದು ಏಳು ಸುತ್ತಿನ ಕೋಟೆಯೊಳಗೆ ಬಂಡೆಗಳ ಮೇಲೆ ಬದುಕೋ ಜನರದು, ಇನ್ನೊಂದು ಕೆಳಗಿನ ಎರೆಹೊಲದವರದು. ಇಬ್ಬರ ಮೂಲವೂ ಒಂದೇ ಅಂತ ಓದುಗರಿಗೆ ಕೇಳಿದ ಕೂಡಲೇ ಅನ್ನಿಸಬೇಕು. ಸದ್ಯಕ್ಕೆ ಕೋಟೆಯವರ ಹೆಸರುಗಳು ‘ಝ್ವರ್ಘಾಕ್ಷ್’, ‘ಥ್ರಾಗ್ಢ’ ಅಂತಿವೆ. ವಾಕ್ಯ ಹೀಗಿದೆ: ‘ನೇ ಮೋರ್ಗು ದಾರೆನ್’, ಅಂದರೆ ‘ನಾನು ಕೋಟೆಗೆ ಹೋದೆನು’. ಕನ್ನಡದ ಪದ ತೆಗೆದು ಅದೇ ಜಾಗದಲ್ಲಿ ಬೇರೆ ಪದ ಇಟ್ಟ ಹಾಗೆ ಕಾಣುತ್ತೆ. ಎಲ್ಲಿಂದ ಸರಿಮಾಡಲಿ?

ಒತ್ತಕ್ಷರ, ದಾವಣಗೆರೆ

ಮೊದಲು ಮಹಾಪ್ರಾಣ ಎಲ್ಲ ತೆಗೀರಿ. ಝ, ಘ, ಢ ಪೇರಿಸಿದರೆ ಭಾಷೆ ಆಗಲ್ಲ, ಬಯಲಾಟದ ರಕ್ಕಸನ ಹೆಸರಾಗುತ್ತೆ. ಯಾವ ಧ್ವನಿ ಇದೆ ಅನ್ನೋದಕ್ಕಿಂತ ಯಾವುದು ಇಲ್ಲ ಅನ್ನೋದರಿಂದಲೇ ಭಾಷೆಗೆ ಒಂದು ಚಹರೆ ಬರೋದು. ಹವಾಯಿಯನ್ ಭಾಷೆ 8 ವ್ಯಂಜನಗಳಲ್ಲೇ ಸಂಸಾರ ಮಾಡುತ್ತೆ.

ಮೂಲಭಾಷೆಗೆ 12 ಸಾಕು: ಪ ತ ಟ ಕ ಮ ನ ಣ ಲ ರ ಸ ವ ಯ. ಸ್ವರ ಐದು, ಹ್ರಸ್ವ ದೀರ್ಘ ಸೇರಿ 10. ಅಕ್ಷರದ ಕೊನೆಗೆ ನ್, ಲ್, ರ್ ಮಾತ್ರ ಬರಬಹುದು, ಇಲ್ಲವೇ ಖಾಲಿ. ಟ, ಣ, ರ ಪದದ ಮೊದಲಿಗೆ ಬೇಡ, ದ್ರಾವಿಡ ಭಾಷೆಗಳ ಹಳೇ ಜಾಯಮಾನವೇ ಅದು. ಈಗ ಲೆಕ್ಕ ಹಾಕಿ: ಮೊದಲ ಅಕ್ಷರಕ್ಕೆ 9×10×4, ಅಂದರೆ 360; ಎರಡನೆಯದಕ್ಕೆ 12×10×4, ಅಂದರೆ 480. ಎರಡಕ್ಷರದ ಪದಗಳೇ 1,72,800 ಆದವು. ಇನ್ನೂ ಧ್ವನಿ ಸೇರಿಸೋ ಅಗತ್ಯವೇ ಇಲ್ಲ. ಆದರೆ ಎಲ್ಲ ಧ್ವನಿಗಳನ್ನೂ ಸಮಸಮ ಹಂಚಬೇಡಿ, ಯಂತ್ರ ಉದುರಿಸಿದ ಪಟ್ಟಿಯ ಹಾಗಾಗುತ್ತೆ. ಕ, ತ, ನ ಧಾರಾಳವಾಗಿ ಬರಲಿ, ಣ, ಯ ಅಪರೂಪಕ್ಕೆ ಬರಲಿ.

ಹಳಗನ್ನಡದ ೞ, ಱ ಅಕ್ಷರ ಬಳಸೋ ಆಸೆ ಎಲ್ಲರಿಗೂ ಇರುತ್ತೆ. ಇವತ್ತಿನ ಓದುಗ ಅವನ್ನ ಳ, ರ ಅಂತಲೇ ಓದೋದು. ಬಿಟ್ಟುಬಿಡಿ.

ಮಹಾಪ್ರಾಣ ಬೇಕೇ ಬೇಕು ಅಂದರೆ ಆಸ್ಥಾನದ ಎರವಲು ಪದಗಳಿಗೆ ಮೀಸಲಿಡಿ. ನಿಮ್ಮೂರ ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಶಾಸನ ಪ್ರಾಕೃತದಲ್ಲಿದೆ. ಅರಸನ ಬರಹದ ಭಾಷೆ ಬೇರೆ, ಜನರ ಬಾಯಿಮಾತು ಬೇರೆ ಇರೋದು ಸಹಜವೇ.

ಮೂರುಸಂಜೆ, ಹೊಳಲ್ಕೆರೆ

ಎರಡು ಭಾಷೆಗಳನ್ನ ಬೇರೆಬೇರೆಯಾಗಿ ಹುಟ್ಟಿಸಿ ಆಮೇಲೆ ನೆಂಟಸ್ತನ ಹಚ್ಚೋಕೆ ಹೋಗಬೇಡಿ. ಒಂದೇ ಮೂಲಪಟ್ಟಿ ಮಾಡಿ, ಎರಡು ಕಡೆ ಬೇರೆ ಬೇರೆ ಧ್ವನಿ ನಿಯಮ ಹಾಯಿಸಿ. ಹಳಗನ್ನಡದ ಪಾಲ್, ಪುಲಿ ನಮ್ಮಲ್ಲಿ ಹಾಲು, ಹುಲಿ ಆದವು. ತೆಲುಗಿನಲ್ಲಿ ಪಾಲು, ಪುಲಿ ಅಂತಲೇ ಉಳಿದಿವೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಓದುಗರಿಗೆ ಈ ಜೋಡಿ ವಿವರಿಸಬೇಕಾಗಿಯೇ ಇಲ್ಲ. ಸ್ವರಗಳಲ್ಲೂ ಹೀಗೇ: ತಮಿಳಿನ ‘ಎಲಿ’ ನಮ್ಮ ಇಲಿ, ಅವರ ‘ಇಲೈ’ ನಮ್ಮ ಎಲೆ. ಮುಂದಿನ ಸ್ವರ ಹಿಂದಿನದನ್ನ ಎಳೆದುಕೊಳ್ಳುತ್ತೆ.

ಕೋಟೆ ಭಾಷೆಗೆ ಮೂರು ನಿಯಮ ಕೊಡ್ತೀನಿ.

1. ಪದದ ಮೊದಲ ಪ, ಹ ಆಗುತ್ತೆ.
2. ಮುಂದೆ ಇ ಅಥವಾ ಉ ಇದ್ದರೆ ಎ, ಇ ಆಗುತ್ತೆ.
3. ಕೊನೆಯ ಹ್ರಸ್ವ ಸ್ವರ ಬಿದ್ದುಹೋಗುತ್ತೆ.

ಮೂಲದಲ್ಲಿ ‘ಪೆಲ’ ಅಂದರೆ ಬಂಡೆ, ‘ಪೆಲಿ’ ಅಂದರೆ ಬಂಡೆಗಳು ಅಂತಿಟ್ಟುಕೊಳ್ಳಿ. ಪೆಲ, ಹೆಲ, ಹೆಲ್. ಪೆಲಿ, ಹೆಲಿ, ಹಿಲಿ, ಹಿಲ್. ನೋಡಿ, ಬಹುವಚನದ ಪ್ರತ್ಯಯ ಮಾಯವಾಗಿ ಪದದೊಳಗಿನ ಸ್ವರವೇ ಆ ಕೆಲಸ ಮಾಡ್ತಾ ಇದೆ. ಇದನ್ನ ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ, ತಾನೇ ಆಯಿತು. 2 ಮತ್ತು 3 ಅದಲುಬದಲು ಮಾಡಿದರೆ ಎರಡೂ ‘ಹೆಲ್’ ಆಗಿ ಕೂಡಿಹೋಗ್ತವೆ. ಅದಕ್ಕೇ ನಿಯಮಗಳಿಗೆ ಸಂಖ್ಯೆ ಹಾಕಿಡಿ, ಮಧ್ಯದಲ್ಲಿ ಕ್ರಮ ಮುರೀಬೇಡಿ.

ಎರೆಹೊಲದವರಿಗೆ ಒಂದೇ ನಿಯಮ ಸಾಕು: ಸ್ವರಗಳ ನಡುವಿನ ಲ, ರ ಆಗಲಿ. ಅವರದು ಪೆರ, ಪೆರಿ. ಇವರದು ಹೆಲ್, ಹಿಲ್.

ಮಂಡಕ್ಕಿಮೆಣಸಿನಕಾಯಿ, ದಾವಣಗೆರೆ

ವ್ಯಾಕರಣಕ್ಕೆ ನಾನು ಹಚ್ಚೋ ಪರೀಕ್ಷೆ ‘ಗೆ’ ಪ್ರತ್ಯಯದ್ದು. ಊರಿಗೆ ಹೋದ, ನನಗೆ ಹಸಿವು, ಐದು ಗಂಟೆಗೆ ಬಾ, ಹತ್ತು ರೂಪಾಯಿಗೆ ಕೊಟ್ಟ. ಕನ್ನಡದಲ್ಲಿ ಈ ನಾಲ್ಕಕ್ಕೂ ಒಂದೇ. ನಿಮ್ಮ ಭಾಷೆಯಲ್ಲೂ ನಾಲ್ಕಕ್ಕೂ ಒಂದೇ ‘ಗು’ ಬಂತು ಅಂದರೆ ಅದು ವೇಷ ಹಾಕಿದ ಕನ್ನಡ. ಜಾಗ, ಸಮಯ, ಬೆಲೆ ಬೇರೆ ಬೇರೆ ಮಾಡಿ. ‘ನನಗೆ ಹಸಿವು’ ಅನ್ನೋದನ್ನ ‘ನಾನು ಹಸಿದೆ’ ಅಂತ ನೇರ ಕ್ರಿಯಾಪದಕ್ಕೇ ಕೊಡಿ.

ಆಮೇಲೆ ಒಂದೋ ಎರಡೋ ವಿಶೇಷ ಸೇರಿಸಿ, ಹತ್ತು ಬೇಡ. ಕೋಟೆಯವರಿಗೆ ಇಲ್ಲಿ, ಅಲ್ಲಿ ಜೊತೆಗೆ ‘ಮೇಲಲ್ಲಿ’, ‘ಕೆಳಗಲ್ಲಿ’ ಅನ್ನೋ ಬಿಡಿಪದಗಳು ಇರಲಿ. ಹಿಮಾಲಯದ ಕಿರಾಂತಿ ಭಾಷೆಗಳಲ್ಲಿ ಏರು, ಇಳಿಜಾರನ್ನ ಹೀಗೆ ಗುರುತಿಸ್ತಾರೆ. ಇನ್ನೊಂದು, ನಮ್ಮ ‘ಅಂತೆ’. ಅದನ್ನ ಕಡ್ಡಾಯ ಮಾಡಿ: ಕಂಡದ್ದಕ್ಕೆ ‘ಕ’, ಕೇಳಿದ್ದಕ್ಕೆ ‘ಮೆ’, ಗುರುತು ನೋಡಿ ಊಹಿಸಿದ್ದಕ್ಕೆ ‘ಸು’. ದಕ್ಷಿಣ ಅಮೆರಿಕದ ಕೆಚುವಾ ಭಾಷೆಯಲ್ಲೂ ಇಂಥ ಮೂರು ಬಗೆ ಇವೆ. ಕಾವಲುಗಾರ ‘ಶತ್ರು ಬಂದ’ ಅನ್ನುವಾಗ ಯಾವ ಪ್ರತ್ಯಯ ಹಚ್ಚಿದ ಅನ್ನೋದರ ಮೇಲೇ ಒಂದು ಅಧ್ಯಾಯ ಬರೀಬಹುದು. ಆಜ್ಞೆಗೆ ಮಾತ್ರ ಹಚ್ಚಬೇಡಿ, ಅಲ್ಲಿ ಸಾಕ್ಷಿಯ ಪ್ರಶ್ನೆಯೇ ಬರಲ್ಲ. ಪ್ರಶ್ನೆ ವಾಕ್ಯದಲ್ಲಿ ಕೇಳೋನದಲ್ಲ, ಉತ್ತರ ಕೊಡೋನ ಸಾಕ್ಷಿ ಲೆಕ್ಕಕ್ಕೆ ಬರಲಿ.

ಬಂಡೆಗುಡ್ಡ, ಚಿತ್ರದುರ್ಗ

ಕೋಟೆಯವರ ವಾಕ್ಯ: ‘ಹಿಲ್ ತಾಲು ತೋನ್ಮೆ.’ ಹಿಲ್ ಬಂಡೆಗಳು, ತಾಲು ಕೆಳಗಲ್ಲಿ, ತೋನ್ ಉರುಳು. ‘ಬಂಡೆಗಳು ಕೆಳಗಡೆ ಉರುಳಿದವಂತೆ.’ ಸರಿ ಇದೆಯಾ?

ಮೂರುಸಂಜೆ, ಹೊಳಲ್ಕೆರೆ

ಹತ್ತಿರ ಬಂದಿದೀರಿ. ಮೂರನೇ ನಿಯಮ ಪ್ರತ್ಯಯಗಳಿಗೂ ಅನ್ವಯಿಸುತ್ತಲ್ಲ. ‘ತಾಲು’ ಈಗ ‘ತಾಲ್’ ಆಗಬೇಕು. ‘ತೋನ್ಮೆ’ ಕೊನೆಯ ಎ ಬಿದ್ದರೆ ‘ತೋನ್ಮ್’. ಕೊನೆಗೆ ನ್, ಲ್, ರ್ ಮಾತ್ರ ಅಂತ ಒತ್ತಕ್ಷರ ಅವರು ಹೇಳಿದ್ದರಿಂದ ಅದು ನಿಲ್ಲಲ್ಲ. ಹಾಗಾಗಿ ನಿಯಮ ತಿದ್ದಿ: ಉಳಿಯೋ ವ್ಯಂಜನ ಆ ಮೂರರಲ್ಲೊಂದು ಆಗಿ, ಒಂಟಿಯಾಗಿದ್ದರೆ ಮಾತ್ರ ಸ್ವರ ಬೀಳಲಿ. ಆಗ ‘ಹಿಲ್ ತಾಲ್ ತೋನ್ಮೆ’ ಸರಿಯಾಗುತ್ತೆ.

ಇದರಿಂದ ಇನ್ನೊಂದು ಆಗುತ್ತೆ. ‘ಪೆತ, ಪೆತಿ’ ಥರದ ಪದಗಳಲ್ಲಿ ಸ್ವರ ಬೀಳಲ್ಲ, ‘ಹೆತ, ಹಿತಿ’ ಅಂತ ಉಳೀತವೆ. ಅಲ್ಲಿಗೆ ಬಹುವಚನ ಎರಡು ಬಗೆ ಆದವು. ನಿಘಂಟಿನಲ್ಲಿ ಪ್ರತಿ ನಾಮಪದದ ಪಕ್ಕ ಮೂಲರೂಪ, ಏಕವಚನ, ಬಹುವಚನ ಅಂತ ಮೂರು ಕಾಲಂ ಮಾಡಿ ಈಗಲೇ ಬರೆದಿಡಿ. ಮುನ್ನೂರು ಪದ ಆದಮೇಲೆ ಹಿಂದಿರುಗಿ ತಿದ್ದೋದು ಬಲು ಕಷ್ಟ.